ಅತ್ತೆಯ ಹರಕೆ, ಅಳಿಯನ ರಿವರ್ಸ್ ಗೇರು

ಅತ್ತೆ, ಮನೆ ಬಿಟ್ಟು ಹೋಗುತ್ತಿದ್ದಾರೆ ಎಂದೇ ಬ್ರೇಕ್ ಮೇಷ್ಟ್ರು ನಂಬಿದ್ದರು. ನಂಬದೆ ಇನ್ನೇನು ಮಾಡಬೇಕಿತ್ತು? ಬೆಳಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದರೆ, ಅತ್ತೆ ಬೆನ್ನಿಗೆ ದೊಡ್ಡದೊಂದು ಚೀಲ ಏರಿಸಿ, ಕ್ಯಾನ್ವಾಸ್ ಬೂಟಿನ ಲಾಡಿ ಬಿಗಿದು ಗೇಟು ದಾಟುತ್ತಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು ಬೆಳ್ಳಂಬೆಳಗ್ಗೆ ಗಂಟುಮೂಟೆ ಹೊತ್ತು ಹೊರಟರೆ ಅದಕ್ಕೆ ಎಷ್ಟು ಅರ್ಥ ಇರಲು ಸಾಧ್ಯ? ಅದೂ ಹಿಂದಿನ ಸಂಜೆಯಷ್ಟೇ ಫೋನಿನಲ್ಲಿ ತಮ್ಮ ಅಕ್ಕನಿಗೆ, "ಆಯ್ತಕ್ಕ, ನೀನು ಕೋಣೆ ಖಾಲಿ ಮಾಡಿಡು, ಬಂದುಬಿಡ್ತೀನಿ" ಎಂದದ್ದನ್ನು ಮೇಷ್ಟ್ರು ಕಿವಿಯಾರೆ ಕೇಳಿದ್ದರು. ಕದ್ದು ಕೇಳಿದ್ದಲ್ಲ. ಗೋಡೆಗೆ ಕಿವಿ ಆನಿಸಿಕೊಂಡು ಸುಮ್ಮನೆ ನಿಂತಿದ್ದಾಗ ಅದು ತಾನಾಗಿ ಬಂದು ಕಿವಿಗೆ ಬಿತ್ತು.

ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನವರು. ಅರ್ಧ ಊರಿಗೆ ಕಾರು ಕಲಿಸಿದವರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬುಡಕ್ಕೆ ಹಾಕಿಸಿಕೊಂಡಿದ್ದ ಹೆಚ್ಚುವರಿ ಬ್ರೇಕನ್ನು ಒತ್ತುತ್ತಾ ಒತ್ತುತ್ತಾ ಅವರ ಯೌವನ ಕಳೆದಿತ್ತು; ಊರು ಇಟ್ಟ ಹೆಸರೂ ಹಾಗೇ ನಿಂತಿತ್ತು. ಓಡಿಸಲು ಯಾರಿಗೆ ಬೇಕಾದರೂ ಬರುತ್ತದೆ, ನಿಲ್ಲಿಸಲು ಬರುವವನೇ ಮನುಷ್ಯ ಎಂಬುದು ಅವರ ವೇದಾಂತ. ಅವರ ಹೆಂಡತಿ ಕೂಡ ಮೊದಲು ಅವರ ವಿದ್ಯಾರ್ಥಿನಿಯೇ. ಆಕೆ ಆಕ್ಸಿಲರೇಟರ್ ಒತ್ತುವುದು, ಇವರು ಬ್ರೇಕ್ ಒತ್ತುವುದು. ಹೀಗೆ ಪರಿಚಯವಾಯಿತು, ಹೀಗೇ ಮದುವೆಯಾಯಿತು, ಸಂಸಾರವೂ ಹೆಚ್ಚೂಕಡಿಮೆ ಹೀಗೇ ನಡೆಯಿತು. ಆಕೆಗೆ ಕಾಯಿಲೆ ಬಂದಾಗ ಮಾತ್ರ ಮೇಷ್ಟ್ರು ಎಷ್ಟು ಒತ್ತಿದರೂ ಯಾವ ಬ್ರೇಕೂ ಹಿಡಿಯಲಿಲ್ಲ. ಆಕೆ ಹೋಗಿ ವರ್ಷವಾಗುತ್ತ ಬಂದಿತ್ತು.

ಅತ್ತೆ ಬಂದದ್ದು ಆ ಮಗಳ ಆರೈಕೆಗೆ. ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಜೀವಮಾನವೆಲ್ಲ ಹಾಸಿಗೆಯ ಹಾಸುಗಳನ್ನು ಮಡಿಸಿ, ಇಸ್ತ್ರಿ ಮಾಡಿ ನಿವೃತ್ತರಾದವರು. ಅವರು ಹಾಸಿದ ಹಾಸಿಗೆಯ ಮೂಲೆ ನೋಡಿದರೆ ಲಕೋಟೆಯ ಮಡಿಕೆ ನೋಡಿದ ಹಾಗಿರುತ್ತಿತ್ತು. ಮಾತೂ ಹಾಗೇ, ಸುಕ್ಕಿಲ್ಲದ್ದು. ಅಳಿಯನ ಜೊತೆ ಅವರು ನೇರವಾಗಿ ಮಾತಾಡಿದವರೇ ಅಲ್ಲ. ಮಗಳೇ ಮಧ್ಯವರ್ತಿ. "ಅಳಿಯಂದ್ರಿಗೆ ಹೇಳು, ಅವರ ಗೊರಕೆಗೆ ಗೋಡೆ ಅಲ್ಲಾಡ್ತಿದೆ" ಎಂದು ಅತ್ತೆ ಅಂದರೆ, ಮಗಳು ಇತ್ತ ತಿರುಗಿ, "ಅಮ್ಮ ನಿಮ್ಮ ಆರೋಗ್ಯ ವಿಚಾರಿಸ್ತಿದ್ದಾಳೆ" ಎನ್ನುತ್ತಿದ್ದಳು. ಇವರು, "ನಿಮ್ಮಮ್ಮನಿಗೆ ನನ್ನ ಮೂಗಿನ ವಿಷಯ ಬೇಡ ಅನ್ನು" ಎಂದರೆ, ಆಕೆ ಅತ್ತ ತಿರುಗಿ, "ಅವರು ಧನ್ಯವಾದ ಹೇಳ್ತಿದ್ದಾರೆ" ಎನ್ನುತ್ತಿದ್ದಳು. ಇಬ್ಬರಿಗೂ ಇಬ್ಬರ ಮಾತೂ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ಆಕೆ ತಿದ್ದಿ ಕೊಟ್ಟ ಪ್ರತಿಯನ್ನೇ ಅಧಿಕೃತವೆಂದು ಒಪ್ಪಿಕೊಳ್ಳುತ್ತಿದ್ದರು.

ಆಕೆ ಹೋದ ಮೇಲೂ ಈ ಪದ್ಧತಿ ನಿಲ್ಲಲಿಲ್ಲ. ಊಟದ ಮೇಜಿನಲ್ಲಿ ಇವರಿಬ್ಬರ ನಡುವೆ ಆಕೆಯ ಕುರ್ಚಿ ಇತ್ತು. ಅದನ್ನು ತೆಗೆಯಲು ಇಬ್ಬರಿಗೂ ಕೈ ಬರಲಿಲ್ಲ. ಹಾಗಾಗಿ ಅತ್ತೆ ಕುರ್ಚಿಗೇ, "ಅಳಿಯಂದ್ರಿಗೆ ಇನ್ನೊಂದು ಬ್ರೆಡ್ಡು ಬೇಕಾ ಕೇಳು" ಎನ್ನುತ್ತಿದ್ದರು. ಮೇಷ್ಟ್ರೂ ಕುರ್ಚಿಗೇ, "ಸಾಕು ಅನ್ನು" ಎನ್ನುತ್ತಿದ್ದರು. ಕುರ್ಚಿ ಏನನ್ನೂ ತಿದ್ದದೆ ಮಾತುಗಳನ್ನು ಇದ್ದ ಹಾಗೇ ತಲುಪಿಸುತ್ತಿತ್ತು. ಅದಕ್ಕೇ ಇಬ್ಬರೂ ಮಾತು ಕಡಿಮೆ ಮಾಡಿದ್ದರು.

ಹೀಗಿರುವಾಗ ಈ ಚೀಲ, ಈ ಬೂಟು. ಮಗಳಿಲ್ಲದ ಮನೆಯಲ್ಲಿ ಅತ್ತೆಗೆ ಉಳಿಯಲು ಕಾರಣವೂ ಇರಲಿಲ್ಲ, ಇರಿ ಎನ್ನಲು ಮೇಷ್ಟ್ರಿಗೆ ಬಾಯೂ ಇರಲಿಲ್ಲ. ಆದರೆ ಅವರು ಹೊರಟುಹೋದರೆ ಆ ಮನೆಯಲ್ಲಿ ಹೆಂಡತಿಯ ಹೆಸರು ಹಿಡಿದು ಮಾತಾಡುವ ಇನ್ನೊಂದು ಜೀವ ಇರುವುದಿಲ್ಲವಲ್ಲ. ಆ ಯೋಚನೆ ಬಂದ ಕೂಡಲೇ ಮೇಷ್ಟ್ರು ಹಾಲನ್ನು ಅಲ್ಲೇ ಬಿಟ್ಟರು. ಪತ್ತೇದಾರಿಕೆಯಲ್ಲಿ ನನ್ನನ್ನು ಮೀರಿಸುವವರು ಯಾರು ಎಂದುಕೊಂಡು ಕಾರು ತೆಗೆದು, ಅತ್ತೆಗೆ ಸುಳಿವೇ ಸಿಗದ ಹಾಗೆ ಹಿಂಬಾಲಿಸಿದರು. ಕಾರಿನ ನೆತ್ತಿಯ ಮೇಲೆ 'ಡ್ರೈವಿಂಗ್ ಸ್ಕೂಲ್' ಎಂಬ ಮೊಳದುದ್ದದ ಕೆಂಪು ಬೋರ್ಡು ಇತ್ತು. ವೇಗ, ಮುದುಕಿಯೊಬ್ಬಳ ನಡಿಗೆಯದು. ಬೀದಿಯ ಅಂಗಡಿಯವರೆಲ್ಲ ಶಟರ್ ಅರ್ಧ ಎತ್ತಿ ನಿಂತು ಈ ಮೆರವಣಿಗೆ ನೋಡಿದರು.

ಚರ್ಚಿನ ತಿರುವಿನಲ್ಲಿ ಅತ್ತೆ ಥಟ್ಟನೆ ನಿಂತು ಹಿಂತಿರುಗಿದರು. ಮೇಷ್ಟ್ರು ಬ್ರೇಕ್ ಒತ್ತಬೇಕಿತ್ತು. ಇಲ್ಲೇ ನೋಡಿ ವಿದ್ಯೆ ಕೈಕೊಟ್ಟದ್ದು. ಬೋಧಕರ ಸೀಟಿನಲ್ಲಿ ಇರುವುದು ಒಂದೇ ಪೆಡಲು. ಚಾಲಕರ ಸೀಟಿನಲ್ಲಿ ಮೂರು. ಇಷ್ಟು ವರ್ಷ ಏಕಪತ್ನೀವ್ರತಸ್ಥನ ಹಾಗೆ ಒಂದೇ ಪೆಡಲಿನ ಮೇಲೆ ಬಾಳಿದ ಕಾಲಿಗೆ ಗಾಬರಿಯಲ್ಲಿ ಮೂರರಲ್ಲಿ ಯಾವುದು ತನ್ನದು ಎಂದು ತಿಳಿಯಲಿಲ್ಲ. ಸಿಕ್ಕಿದ್ದನ್ನು ಒತ್ತಿತು. ಒಂದು ಗೀರೂ ಬೀಳದೆ ಇಷ್ಟು ವರ್ಷ ಬಂದಿದ್ದ ಕಾರು ಮುನ್ನುಗ್ಗಿ, ಚರ್ಚಿನ ಮುಂದಿನ ದೀಪದ ಕಂಬವನ್ನು ಅಪ್ಪಿಕೊಂಡಿತು.

ಗ್ಯಾರೇಜಿನವನು ಬಾನೆಟ್ಟಿನ ಸ್ಥಿತಿ ನೋಡಿ, ಎರಡು ತಿಂಗಳು ಈ ಕಡೆ ತಲೆ ಹಾಕಬೇಡಿ ಎಂದ. ಮೇಷ್ಟ್ರಿಗೆ ಮೊಣಕೈ ತರಚಿದ್ದು ಬಿಟ್ಟರೆ ಹೆಚ್ಚಿನ ಗಾಯವೆಲ್ಲ ಮರ್ಯಾದೆಗೆ ಆಗಿತ್ತು. ಮನೆಗೆ ಬಂದ ಮೇಲೆ ಅತ್ತೆ ಮೇಜಿನ ಮೇಲೆ ಚೀಲ ಬಿಚ್ಚಿ ತೋರಿಸಿದರು. ಒಳಗೆ ಸೀರೆಯಿಲ್ಲ, ಸಾಮಾನಿಲ್ಲ. ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆಗಳು ಎರಡು. ಭಾರ ಹೊತ್ತು ನಡೆಯುವ ಅಭ್ಯಾಸವಂತೆ. ಕುರ್ಚಿಯ ಮೂಲಕ ತಿಳಿದ ವಿಷಯ ಇಷ್ಟು: ಮಗಳು ಮಲಗಿದ್ದಾಗ ಅತ್ತೆ ಹರಕೆ ಹೊತ್ತಿದ್ದರು. ಮಗಳು ಎದ್ದು ಕೂತರೆ, ಸಂತರ ಸಮಾಧಿ ಇರುವ ದೊಡ್ಡ ಚರ್ಚಿಗೆ, ಆ ಮಹಾದೇವಾಲಯಕ್ಕೆ, ಕಾಲ್ನಡಿಗೆಯಲ್ಲಿ ಬರುತ್ತೇನೆ ಎಂದು. ಶತಮಾನಗಳಿಂದ ಯಾತ್ರಿಕರು ನಡೆದೇ ಹೋಗುವ ದಾರಿ ಅದು. ಬೆಟ್ಟ, ಹೊಲ, ಹೆದ್ದಾರಿ ದಾಟಿ ಮುಟ್ಟಲು ತಿಂಗಳ ಮೇಲೆ ಬೇಕು. ಯಾತ್ರೆ ಮುಗಿಸಿ, ಅಲ್ಲೇ ಹತ್ತಿರದ ಊರಿನಲ್ಲಿರುವ ಅಕ್ಕನ ಮನೆಗೆ ಹೋಗಿಬಿಡುವುದು ಅವರ ಯೋಚನೆ. ಅಂದರೆ ಮೇಷ್ಟ್ರು ತಿಳಿದದ್ದು ಪೂರಾ ತಪ್ಪೇನೂ ಆಗಿರಲಿಲ್ಲ. ದಾರಿ ಮಾತ್ರ ಅವರು ಎಣಿಸಿದ್ದಕ್ಕಿಂತ ಉದ್ದವಾಗಿತ್ತು.

ನಿಯಮದ ಮನುಷ್ಯ ಮೇಷ್ಟ್ರು. ಕುರ್ಚಿಯ ಕಡೆ ತಿರುಗಿ, "ಮಗಳು ಎದ್ದರೆ ತಾನೆ ಹರಕೆ? ಸಂತರೇ ಮಾತು ಉಳಿಸಿಕೊಳ್ಳಲಿಲ್ಲ. ಮತ್ತೆ ಇವರು ಯಾಕೆ ನಡೀಬೇಕು ಅಂತ ಕೇಳು" ಎಂದರು.

ಅತ್ತೆ ಇಸ್ತ್ರಿಪೆಟ್ಟಿಗೆಗಳನ್ನು ಚೀಲಕ್ಕೆ ವಾಪಸು ಹಾಕುತ್ತಾ, "ಅವರು ಮಾತು ತಪ್ಪಿದ್ರು ಅಂತ ನಾನೂ ತಪ್ಪಬೇಕಾ ಅಂತ ಕೇಳು" ಎಂದರು.

ಮೇಷ್ಟ್ರು ಎದ್ದು ನಿಂತು, ಎದೆ ಉಬ್ಬಿಸಿ, ತಾವೂ ಬರುವುದಾಗಿ ಘೋಷಿಸಿದರು. ರಸ್ತೆಯೆಂದರೇನು, ಗುರುತುಗಳೆಂದರೇನು ಎಂದು ಬಲ್ಲ ಒಬ್ಬ ಜವಾಬ್ದಾರಿಯುತ ಗಂಡಸು ಜೊತೆಗಿಲ್ಲದೆ ವಯಸ್ಸಾದ ಹೆಂಗಸು ಅಷ್ಟು ದೂರ ಹೋಗುವುದು ಸುರಕ್ಷತೆಯ ದೃಷ್ಟಿಯಿಂದ ಒಪ್ಪತಕ್ಕದ್ದಲ್ಲ ಎಂದು ಸಣ್ಣ ಭಾಷಣ ಮಾಡಿದರು. ನಿಜವಾದ ಕಾರಣ ಬೇರೆ. ಒಂದು ತಿಂಗಳ ದಾರಿಯಲ್ಲಿ ಎಲ್ಲಾದರೊಂದು ಕಡೆ "ಮನೆಗೆ ವಾಪಸು ಬನ್ನಿ" ಎನ್ನುವ ಮೂರು ಪದ ಬಾಯಿಂದ ಹೊರಬೀಳಬಹುದು ಎಂಬ ಆಸೆ.

ಹೊರಟರು. ಮೊದಲ ದಿನವೇ ಮೇಷ್ಟ್ರ ಬೂಟು ಕಚ್ಚಿತು. ಜೀವನವಿಡೀ ಕೂತೇ ಪ್ರಯಾಣ ಮಾಡಿದವರ ಕಾಲು ಎಷ್ಟು ಸುಕುಮಾರವಾಗಿರುತ್ತದೆಂದು ಬೂಟಿಗೇನು ಗೊತ್ತು? ಹಿಮ್ಮಡಿಯಲ್ಲಿ ಎದ್ದ ಬೊಬ್ಬೆಗೆ ಅತ್ತೆ ಬಟ್ಟೆ ಸುತ್ತಿದರು. ಅಷ್ಟಾದರೂ ಮೇಷ್ಟ್ರ ದರ್ಬಾರಿಗೆ ಊನ ಬರಲಿಲ್ಲ. ತಿರುವು ಬಂದಾಗ ಕೈ ಚಾಚಿ ಸಿಗ್ನಲ್ ಕೊಡುವರು. ಇಳಿಜಾರಿನಲ್ಲಿ ಅತ್ತೆ ಬೀಸಾಗಿ ನಡೆದರೆ ಇವರ ಬಲಗಾಲು ತಾನಾಗಿ ನೆಲ ಒತ್ತುವುದು. ಕುರ್ಚಿ ಜೊತೆಗಿರಲಿಲ್ಲವಾದ್ದರಿಂದ ಮಾತೆಲ್ಲ ಈಗ ಮೈಲಿಗಲ್ಲುಗಳ ಮೂಲಕ. "ಅಳಿಯಂದ್ರು ಸ್ವಲ್ಪ ನೀರು ಕುಡಿದ್ರೆ ಒಳ್ಳೇದು" ಎಂದು ಅತ್ತೆ ಒಂದು ಕಲ್ಲಿಗೆ ಹೇಳುವರು. ಮುಂದಿನ ಕಲ್ಲು ಬರುವವರೆಗೆ ಕಾದು ಮೇಷ್ಟ್ರು ಅದಕ್ಕೆ, "ಕುಡಿದಾಯ್ತು" ಎಂದು ವರದಿ ಒಪ್ಪಿಸುವರು.

ರಾತ್ರಿ ತಂಗುವುದು ದಾರಿಯುದ್ದಕ್ಕೂ ಚರ್ಚಿನ ಸಿಸ್ಟರುಗಳು ನಡೆಸುವ ಯಾತ್ರಿ ನಿವಾಸಗಳಲ್ಲಿ. ಉದ್ದನೆಯ ಹಜಾರ, ಸಾಲು ಕಬ್ಬಿಣದ ಮಂಚಗಳು, ಒಣಗಲು ತೂಗುಬಿಟ್ಟ ಕಾಲುಚೀಲಗಳು. ಅಲ್ಲಿ ಅತ್ತೆಯ ಕೈ ಸುಮ್ಮನಿರುತ್ತಿರಲಿಲ್ಲ. ತಮ್ಮದಾಯಿತು, ಅಳಿಯನದಾಯಿತು, ಯಾರೋ ಅಪರಿಚಿತರ ಹಾಸಿಗೆಗೂ ಹೋಗಿ ಹಾಸಿನ ಮೂಲೆ ಎಳೆದು, ಲಕೋಟೆಯಂತೆ ಮಡಿಸಿ ಸಿಕ್ಕಿಸುವರು. ಬಟ್ಟೆ ಕೋಣೆಯಿಂದ ನಿವೃತ್ತಿ ಆದರೂ ಬೆರಳುಗಳಿಗೆ ಆದೇಶ ತಲುಪಿರಲಿಲ್ಲ. ಒಮ್ಮೆ ಯಾವುದೋ ಖಾಲಿ ಮಂಚದ ಹಾಸನ್ನು ಸರಿಪಡಿಸಿದವರು, ಅದರ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತುಬಿಟ್ಟರು. ಮೇಷ್ಟ್ರು ಕಂಡೂ ಕಾಣದವರ ಹಾಗೆ ಕಾಲುಚೀಲ ಹಿಂಡಿದರು. ಅದರಲ್ಲಿ ನೀರೇ ಇರಲಿಲ್ಲ.

ಆ ಮೂರು ಪದಗಳು ಮಾತ್ರ ಹೊರಬೀಳಲಿಲ್ಲ. ಹೊಲ ದಾಟುವಾಗ ಹೇಳೋಣವೆಂದುಕೊಂಡರು, ಗಾಳಿ ಜೋರಿತ್ತು. ಬೆಟ್ಟದ ಮೇಲೆ ಹೇಳೋಣವೆಂದುಕೊಂಡರು, ಉಸಿರಿರಲಿಲ್ಲ. ನೋಡನೋಡುತ್ತ ದಾರಿ ಸವೆದು, ಇನ್ನು ಎರಡೇ ದಿನ ಎನ್ನುವಲ್ಲಿಗೆ ಬಂದು ನಿಂತರು.

ಆ ಬೆಳಗ್ಗೆ ದಟ್ಟ ಮಂಜು. ಯಾತ್ರೆಯ ದಾರಿ ತೋರಿಸಲು ಕಲ್ಲುಗಳ ಮೇಲೆ, ಗೋಡೆಗಳ ಮೇಲೆ ಹಳದಿ ಬಾಣ ಬಳಿದಿರುತ್ತಾರೆ. ನಿವಾಸದ ಗೇಟಿನ ಪಕ್ಕದ ಕಲ್ಲಿನ ಮೇಲೂ ಒಂದಿತ್ತು, ಎಡಕ್ಕೆ. ಆದರೆ ಮುಂದಿನ ಡಾಂಬರು ರಸ್ತೆಯ ಮೇಲೆ ವಾಹನಗಳಿಗಾಗಿ ಬಳಿದ ಇನ್ನೊಂದು ಹಳದಿ ಬಾಣವಿತ್ತು, ಬಲಕ್ಕೆ. ಬೇರೆ ಯಾರಾದರೂ ಆಗಿದ್ದರೆ ಕಲ್ಲು ನೋಡಿ ಎಡಕ್ಕೆ ಹೋಗುತ್ತಿದ್ದರು. ಮೇಷ್ಟ್ರು ನಿಂತು ಗಂಟಲು ಸರಿಪಡಿಸಿಕೊಂಡು, ರಸ್ತೆಯ ಮೈಮೇಲಿನ ಗುರುತೇ ಪ್ರಧಾನ, ಬದಿಯ ಗುರುತು ಗೌಣ ಎಂದು ಮೈಲಿಗಲ್ಲಿಗೆ ಪಾಠ ಒಪ್ಪಿಸಿ ಬಲಕ್ಕೆ ತಿರುಗಿದರು. ಕೈ ಚಾಚಿ ಸಿಗ್ನಲ್ ಕೂಡ ಕೊಟ್ಟರು. ಅತ್ತೆ ಕಲ್ಲಿನ ಬಾಣವನ್ನೊಮ್ಮೆ ನೋಡಿ ಹಿಂದೆ ನಡೆದರು.

ಸ್ವಲ್ಪ ಹೊತ್ತಿನಲ್ಲೇ ಎದುರಿನಿಂದ ಯಾತ್ರಿಕರು ಬರತೊಡಗಿದರು. ಒಬ್ಬರು, ಇಬ್ಬರು, ಆಮೇಲೆ ಗುಂಪು ಗುಂಪು. ಓಹೋ, ದರ್ಶನ ಮುಗಿಸಿ ವಾಪಸಾಗುತ್ತಿರುವ ಭಾಗ್ಯವಂತರು ಎಂದು ಮೇಷ್ಟ್ರಿಗೆ ಹೊಳೆಯಿತು. ಪ್ರತಿಯೊಬ್ಬರನ್ನೂ ನಿಲ್ಲಿಸಿ, ದರ್ಶನ ಚೆನ್ನಾಗಾಯಿತೇ ಎಂದು ವಿಚಾರಿಸಿದರು. ಅವರು ಮುಖ ಮುಖ ನೋಡಿಕೊಂಡರು. ಇನ್ನೂ ಆಗಿಲ್ಲ ಎಂದವನೊಬ್ಬನಿಗೆ, ಅಷ್ಟು ದೂರ ಹೋಗಿಯೂ ಒಳಗೆ ಹೋಗದೆ ಬಂದೆಯಾ ಎಂದು ಗದರಿದರು. ಪಾಪ, ಅವನು ಕ್ಷಮೆ ಕೇಳಿ ಹೋದ.

ಮಂಜು ಕರಗಿತು. ಕಮಾನಿನ ಕಲ್ಲುಸೇತುವೆಯೊಂದು ಬಂತು. ನಿನ್ನೆ ದಾಟಿದ್ದೂ ಇಂಥದ್ದೇ. ಕಂಬಿಗೆ ಯಾರೋ ಕಟ್ಟಿದ್ದ ಕೆಂಪು ಕರವಸ್ತ್ರವೂ ಇಂಥದ್ದೇ. ಮೇಷ್ಟ್ರು ಸೇತುವೆಯ ಮೇಲೆ ಬಗ್ಗಿ ಕಟ್ಟಿಯೇ ಇದ್ದ ಲಾಡಿಯನ್ನು ಬಿಚ್ಚಿ, ಮತ್ತೆ ಕಟ್ಟಿದರು. ಎದ್ದು, ಈ ಕಡೆಯ ಸೇತುವೆಗಳನ್ನೆಲ್ಲ ಒಬ್ಬನೇ ಮೇಸ್ತ್ರಿ ಕಟ್ಟಿರಬೇಕು ಎಂದು ನದಿಗೆ ಹೇಳಿದರು. ಮಧ್ಯಾಹ್ನ ಚಹಾದ ಅಂಗಡಿಯ ಹೆಂಗಸು ಇವರನ್ನು ಕಂಡು, ನಿನ್ನೆ ಏನಾದರೂ ಮರೆತು ಹೋದಿರಾ ಎಂದಳು. ಈಕೆಯ ಅಕ್ಕನೋ ತಂಗಿಯೋ ಹಿಂದೆ ಇನ್ನೊಂದು ಅಂಗಡಿ ನಡೆಸುತ್ತಿದ್ದಾಳೆ, ಅಲ್ಲಿ ನಮ್ಮನ್ನು ನೋಡಿದ್ದನ್ನು ಫೋನಿನಲ್ಲಿ ಹೇಳಿರಬೇಕು ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಅತ್ತೆ ಲೋಟದಲ್ಲಿ ಮುಖ ಹುದುಗಿಸಿ ಚಹಾ ಕುಡಿದರು.

ಸಂಜೆ ಒಂದು ಯಾತ್ರಿ ನಿವಾಸ ಸಿಕ್ಕಿತು. ಬೀಗದ ಕೈ ಗೊಂಚಲು ಹಿಡಿದ ಸಿಸ್ಟರು ಬಾಗಿಲು ತೆರೆದು, ಇವರನ್ನು ನೋಡಿ, ಎರಡು ಸಲ ಕಣ್ಣು ಮಿಟುಕಿಸಿ ಒಳಗೆ ಬಿಟ್ಟರು. ಹಜಾರದ ಕೊನೆಯಲ್ಲಿ ಎರಡು ಮಂಚ. ಮೊನ್ನೆ ರಾತ್ರಿಯಿಂದ ಅಲ್ಲಿ ಯಾರೂ ಮಲಗಿರಲಿಲ್ಲ. ಹಾಸಿನ ಮೂಲೆಗಳು ಲಕೋಟೆಯ ಹಾಗೆ ಮಡಿಸಿದಂತೆಯೇ ಇದ್ದವು.

ಇನ್ನು ಯಾವ ಮೇಸ್ತ್ರಿಯನ್ನೂ ಯಾವ ತಂಗಿಯನ್ನೂ ಕರೆತರುವ ಹಾಗಿರಲಿಲ್ಲ. ಮೇಷ್ಟ್ರು ಮಂಚದ ಅಂಚಿನಲ್ಲಿ ಕುಸಿದು ಕೂತರು. ಎದುರಿನ ಮಂಚದಲ್ಲಿ ಅತ್ತೆ. ನಡುವೆ ಕುರ್ಚಿಯಿಲ್ಲ, ಮೈಲಿಗಲ್ಲಿಲ್ಲ.

"ನನಗೆ ಗೊತ್ತಿತ್ತು" ಎಂದರು ಅತ್ತೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅಳಿಯನ ಮುಖ ನೋಡಿ ಆಡಿದ ಮಾತು. "ಗೇಟಿನ ಹತ್ರಾನೇ ಗೊತ್ತಿತ್ತು."

"ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ ನಾಳೆ ಮುಟ್ಟಿಬಿಡ್ತಿದ್ವಿ." ಅತ್ತೆ ಮಡಿಲಲ್ಲಿ ಇಲ್ಲದ ಬಟ್ಟೆಯನ್ನು ಮಡಿಸುತ್ತಿದ್ದರು. "ಹರಕೆ ಬಾಕಿ ಇರೋವರೆಗೂ ಅವಳ ಕೆಲಸ ಒಂದು ನನ್ನ ಕೈಲಿದೆ ಅನ್ನಿಸುತ್ತೆ. ಬೆಳಗ್ಗೆ ಎದ್ದರೆ ಅವಳಿಗೋಸ್ಕರ ನಡೀಬೇಕು ಅಂತ ಏಳ್ತೀನಿ. ಮುಟ್ಟಿದ ಮಾರನೇ ದಿನ ಯಾಕೆ ಏಳಲಿ?"

ಮೇಷ್ಟ್ರು ಬಗ್ಗಿ ಬೂಟಿನ ಲಾಡಿ ಸಡಿಲಿಸಿದರು. "ನನಗೂ ಗೊತ್ತಿತ್ತು ಅತ್ತೆ. ಸೇತುವೆ ಹತ್ರ ಗೊತ್ತಾಯ್ತು" ಎಂದರು.

"ನೀವ್ಯಾಕೆ ಹೇಳ್ಲಿಲ್ಲ?"

ಮುಟ್ಟಿದರೆ ನೀವು ಅಕ್ಕನ ಮನೆಗೆ ಹೋಗಿಬಿಡುತ್ತೀರಿ, ಆಮೇಲೆ ಆ ಮನೆಯಲ್ಲಿ ನಾನೂ ಒಂದು ಕುರ್ಚಿಯೂ ಮಾತ್ರ. ಇದು ಉತ್ತರ. ಮೇಷ್ಟ್ರ ಬಾಯಿಂದ ಬಂದದ್ದು ಬೇರೆ. "ಅಲ್ಲಿ ಯೂ ಟರ್ನ್ ತಗೊಳ್ಳೋಕೆ ಜಾಗ ಇರ್ಲಿಲ್ಲ."

ಅತ್ತೆ ಅವರನ್ನೇ ದಿಟ್ಟಿಸಿದರು. ನಗುತ್ತಾರೋ ಅಳುತ್ತಾರೋ ತಿಳಿಯದ ಮುಖ. ಆಮೇಲೆ ಎದ್ದು, ಮೇಷ್ಟ್ರು ಕೂತು ಕೆದರಿದ್ದ ಮೂಲೆಯನ್ನು ಎಳೆದು ಮತ್ತೆ ಮಡಿಸಿದರು.

ಮರುದಿನದಿಂದ ಅದೇ ಸೇತುವೆ, ಅದೇ ಚಹಾ. ಈ ಸಲ ಅತ್ತೆ ಮುಂದೆ, ಅಳಿಯ ಹಿಂದೆ. ಮಾತೂ ನೇರವಾಗಿಯೇ ನಡೆಯಿತು; ಬಹುಪಾಲು ಬೈಗುಳ. ನಿಮ್ಮ ಚೀಲದಲ್ಲಿ ಇಷ್ಟು ಭಾರ ಏನಿದೆ ಎಂದು ಅತ್ತೆ ತೆಗೆಸಿ ನೋಡಿದರೆ ಟೈರಿಗೆ ಗಾಳಿ ಹೊಡೆಯುವ ಪಂಪು. ಕಾಲಲ್ಲಿ ನಡೆಯುವ ಯಾತ್ರೆಗೆ ಅದೇಕೆ ಎಂದರೆ, ಮೇಷ್ಟ್ರು ಅದನ್ನು ಒರೆಸಿ ಮತ್ತೆ ಚೀಲದ ತಳಕ್ಕೆ ಸೇರಿಸಿದರು. ನಡುವೆ ಮಗಳ ಮಾತೂ ಬಂತು. ತಾನು ಬೈದದ್ದನ್ನು ಆಕೆ ಏನೆಂದು ತಿದ್ದಿ ಹೇಳುತ್ತಿದ್ದಳು ಎಂದು ಒಬ್ಬರಿಗೊಬ್ಬರು ನೆನಪಿಸಿಕೊಂಡರು. ಇಬ್ಬರಿಗೂ ಮೊದಲಿಂದ ಗೊತ್ತಿದ್ದದ್ದೇ. ಆದರೂ ಹೊಸದಾಗಿ ಕೇಳಿದವರಂತೆ ನಕ್ಕರು.

ಮಹಾದೇವಾಲಯ ಬಂದೇ ಬಂತು. ಒಳಗೆ ತಣ್ಣನೆಯ ಕತ್ತಲು, ಮೇಣದಬತ್ತಿಗಳ ವಾಸನೆ, ಸವೆದ ಕಲ್ಲುನೆಲ. ಅತ್ತೆ ಸಂತರ ಸಮಾಧಿಯ ಮುಂದೆ ಮೊಣಕಾಲೂರಿದರು. ಮಗಳನ್ನು ಮಣ್ಣು ಮಾಡಿದ ದಿನವೂ ಅವರು ಅತ್ತಿರಲಿಲ್ಲ. ಬಂದವರಿಗೆಲ್ಲ ಚಹಾ ಕೊಟ್ಟಿದ್ದರು. ಈಗ ಅವರ ಬೆನ್ನು ಅಲುಗತೊಡಗಿತು. ಮೊದಲು ಸದ್ದಿಲ್ಲದೆ, ಆಮೇಲೆ ಸುತ್ತಲಿನವರು ತಿರುಗಿ ನೋಡುವಷ್ಟು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರ ಬಲಗಾಲು ತಾನಾಗಿ ಕಲ್ಲುನೆಲವನ್ನು ಒತ್ತಿತು. ಬಲವಾಗಿ ಒತ್ತಿತು. ಏನೂ ನಿಲ್ಲಲಿಲ್ಲ. ಅವರದೂ ಕೆನ್ನೆ ಒದ್ದೆಯಾಗಿತ್ತು.

ಹೊರಗೆ ಚೌಕದಲ್ಲಿ ಅತ್ತೆಯ ಅಕ್ಕ ಕಾರು ತಂದು ಕಾದಿದ್ದರು. ತಂಗಿಯನ್ನು ತಬ್ಬಿಕೊಂಡು, ಎಷ್ಟು ಸೊರಗಿದ್ದೀಯೆ ಎಂದು ಗದರಿ, ಕೋಣೆಗೆ ಬಣ್ಣ ಹೊಡೆಸಿದ್ದನ್ನು, ಕಿಟಕಿಗೆ ಹೊಸ ಪರದೆ ಹಾಕಿಸಿದ್ದನ್ನು ಒಂದೇ ಉಸಿರಿಗೆ ಹೇಳಿದರು. ಮೇಷ್ಟ್ರು ಕಾರನ್ನು ಸುತ್ತು ಹಾಕಿ ನೋಡಿ, ಹಿಂದಿನ ಚಕ್ರ ಪಾರ್ಕಿಂಗ್ ಗೆರೆ ದಾಟಿದೆ ಎಂದು ಆಕ್ಷೇಪ ಎತ್ತಿದರು. ಅದೊಂದೇ ಅವರಿಗೆ ಸಿಕ್ಕ ಆಕ್ಷೇಪ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡ್ರೈವರು ಡಿಕ್ಕಿ ತೆರೆದ. ಅಕ್ಕ, ಅತ್ತೆಯ ಚೀಲಕ್ಕಾಗಿ ಕೈ ಚಾಚಿದರು. ಅತ್ತೆ ಮೊಣಕಾಲೂರುವಾಗ ಕಳಚಿಟ್ಟಿದ್ದ ಆ ಚೀಲ ಮೇಷ್ಟ್ರ ಹೆಗಲಲ್ಲಿತ್ತು.

"ಬಿಡಪ್ಪ, ಚೀಲ ಕೊಡು" ಎಂದರು ಅಕ್ಕ.

ಕೊಡುತ್ತೇನೆ ಎಂದುಕೊಂಡೇ ಮೇಷ್ಟ್ರು ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದರು. ಅಕ್ಕ ಎಳೆದರು. ಇವರು ಬಿಡಲಿಲ್ಲ. ಅಕ್ಕ ಇನ್ನೊಮ್ಮೆ ಎಳೆದರು. ಬಟ್ಟೆ ಸುತ್ತಿದ ಕಾಲನ್ನು ಊರಲಾರದೆ ಮೇಷ್ಟ್ರು ಚೀಲದ ಸಮೇತ ಎರಡು ಹೆಜ್ಜೆ ಮುಂದಕ್ಕೆ ಹೋದರು. ಯಾತ್ರಿಕರು ನಿಂತು ನೋಡತೊಡಗಿದರು. ಮಾತಾಡಲು ಇದೇ ಕೊನೆಯ ಜಾಗ ಎಂದು ಮೇಷ್ಟ್ರಿಗೂ ಗೊತ್ತಾಯಿತು. ಒಂದು ತಿಂಗಳು ಹೊತ್ತು ತಂದಿದ್ದ ಮೂರು ಪದಗಳನ್ನು ಹೊರಗೆ ನೂಕಲು ಬಾಯಿ ತೆರೆದರು. ಬಂದದ್ದು ಬೇರೆಯೇ.

"ಅತ್ತೆ, ಮನೆಗೆ... ವಾಪಸು ನಡ್ಕೊಂಡೇ ಹೋಗೋಣ್ವಾ?"

ಅತ್ತೆ ಮೇಷ್ಟ್ರ ಊದಿದ ಕಾಲು ನೋಡಿದರು. ಚೀಲ ನೋಡಿದರು. ಅಕ್ಕನ ಕೈಯಿಂದ ಪಟ್ಟಿಯನ್ನು ಬಿಡಿಸಿದರು.

"ನಿಮಗೇನು ತಲೆ ಕೆಟ್ಟಿದ್ಯಾ? ಬಸ್ಸಲ್ಲಿ ಹೋಗೋಣ."